ಹನುಮಕ್ಕನ ಅಟ್ಟ ಗೋಡೌನಲ್ಲ

ಕಾನೂನು ನೆರವು ಸಮಿತಿಯ ಕಾರ್ಯದರ್ಶಿಗಳೇ,

ಬರುವ ಗುರುವಾರ ನನ್ನ ತಂಗಿ ಹನುಮಕ್ಕನ ಮನೆ ಹರಾಜಾಗುತ್ತದೆ. ಅವಳು ಯಾರಿಗೂ ಬಾಕಿ ಇಟ್ಟವಳಲ್ಲ. ಬಾಕಿ ಇಟ್ಟವರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಮರುಳಪ್ಪನವರು. ಮಾರಾಟ ತೆರಿಗೆಯನ್ನು ವರ್ಷಗಟ್ಟಲೆ ಕಟ್ಟದೆ, ಅಂಗಡಿ ಮುಚ್ಚಿ ಯಾವ ಊರು ಸೇರಿದರೋ ಗೊತ್ತಿಲ್ಲ. ಅವರ ಬಾಕಿಗೆ ಇವಳ ಮನೆಯ ಖಾತೆಯ ಮೇಲೆ ತೆರಿಗೆಯವರು ಬೋಜಾ ಕೂರಿಸಿದ್ದಾರೆ. ಅಂದರೆ ಆ ಬಾಕಿ ತೀರುವ ತನಕ ಮನೆ ಸರ್ಕಾರದ ಹಿಡಿತದಲ್ಲಿ. ಅದನ್ನು ಬಿಡಿಸಲು ಒಬ್ಬ ವಕೀಲರು ಬೇಕು. ವಕೀಲರನ್ನು ನೇಮಿಸಿಕೊಡಬೇಕಾದವರು ನೀವು. ಕೊಟ್ಟಿಲ್ಲ. ಇಷ್ಟನ್ನೇ ಕಾರ್ಡಿನಲ್ಲಿ ಬರೆದು ಹಾಕಿದ್ದೆ. ಉತ್ತರವಿಲ್ಲ. ಕಾರ್ಡು ಚಿಕ್ಕದಾಯಿತೇನೋ ಎಂದು ಈ ಸಲ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ನೆನಪಿರಲೇಬೇಕು. ಹಳೇಬೀಡಿನಲ್ಲಿ ನೀವು ಶಾಮಿಯಾನ ಹಾಕಿಸಿ ಕಾನೂನು ಅರಿವಿನ ಸಭೆ ಮಾಡಿದಿರಲ್ಲ, ಆವತ್ತು ಮೈಕು ಕೈಕೊಟ್ಟಾಗ ಅದರ ನೆತ್ತಿಗೆ ತಟ್ಟಿ ಮಾತು ಬರಿಸಿದವನು ನಾನು. ವಂದನಾರ್ಪಣೆಯೂ ನನ್ನದೇ. ನಿಮ್ಮ ಭಾಷಣಕ್ಕಿಂತ ಉದ್ದವಾಯಿತು ಎಂದು ಕೆಲವರು ಅಂದರು. ಚೆನ್ನಾಗಿಯೂ ಇತ್ತು ಎಂಬುದನ್ನು ಅವರು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ. ನಾನು ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು, ಆದರೆ ಆ ಶಾಲೆಯಲ್ಲಿ ನನ್ನ ಹಾಗೆ ಪದ್ಯ ಒಪ್ಪಿಸಿದವನು ಮುಂದೆ ಹುಟ್ಟಲಿಲ್ಲ. ಹೆಣ್ಣುಮಕ್ಕಳಿಗೆ, ವರಮಾನ ಎಷ್ಟೇ ಇರಲಿ, ವಕೀಲರು ಉಚಿತ ಎಂದು ನೀವು ಆವತ್ತು ಸಾರಿದಾಗ ಮೊದಲ ಚಪ್ಪಾಳೆ ನನ್ನದು. ನೀವು ಕುಡಿದ ಎಳನೀರು ಹನುಮಕ್ಕನ ಹಿತ್ತಲ ಮರದ್ದು. ಸಿಹಿಯಾಗಿದೆ ಎಂದಿರಿ. ಎಳನೀರು ನೆನಪಿದ್ದು ಮಾತು ಮರೆತುಹೋಯಿತೇ, ಇಲ್ಲ ಎರಡೂ ಮರೆತುಹೋದವೇ?

ಅಟ್ಟದ ಸಂಗತಿ ಹೇಳಬೇಕು. ಬಿಕ್ಕೋಡಿನ ಕಾಫಿ ಸೀಮೆಯವರಿಗೆ ಇದು ಗೊತ್ತಿರಲಿಕ್ಕಿಲ್ಲ, ನಿಮಗೆ ಗೊತ್ತಿಲ್ಲವೆಂಬುದನ್ನು ನಿಮ್ಮ ಕಚೇರಿಯೇ ತೋರಿಸಿಕೊಟ್ಟಿದೆ. ನಮ್ಮಲ್ಲಿ ಬಲಿತ ತೆಂಗಿನಕಾಯಿಯನ್ನು ಅಡುಗೆಮನೆಯ ಮೇಲಿನ ಅಟ್ಟಕ್ಕೆ ಹಾಕುತ್ತಾರೆ. ಕೆಳಗೆ ಒಲೆ ಉರಿಯುತ್ತದೆ, ಮೇಲೆ ಕಾಯಿ ಒಣಗುತ್ತದೆ. ವರ್ಷ ತುಂಬುವ ಹೊತ್ತಿಗೆ ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಉರುಳುತ್ತದೆ. ವ್ಯಾಪಾರಿಗಳು ಅಷ್ಟು ದಿನ ಸುಮ್ಮನಿರುವುದಿಲ್ಲ. ಕಾಯಿ ಅಟ್ಟ ಹತ್ತಿದ ಕೂಡಲೇ ಬಂದು, ವೀಳ್ಯದೆಲೆಯ ಮೇಲೆ ಒಂದಿಷ್ಟು ಮುಂಗಡ ಇಟ್ಟು, ಅಟ್ಟದ ತೊಲೆಗೆ ತಮ್ಮ ಗುರುತು ಬಳಿದು ಹೋಗುತ್ತಾರೆ. ಮಿಕ್ಕಿದ್ದು ಕಾಯಿ ಇಳಿಸುವಾಗ. ಎಲೆ ಹಿಡಿದ ಮೇಲೆ ಆ ಕಾಯಿಯನ್ನು ನಮ್ಮವು ಎನ್ನುವ ಹಾಗಿಲ್ಲ. ಪಕ್ಕದ ಮನೆಯವರು ಹಬ್ಬಕ್ಕೊಂದು ಕೇಳಿದರೂ ಅವು ಇಂಥವರವು ಎನ್ನಬೇಕು. ನಮ್ಮಪ್ಪನೂ ಹಾಗೇ ಅನ್ನುತ್ತಿದ್ದ, ಅವನ ಅಪ್ಪನೂ ಹಾಗೇ.

ಹೋದ ಬೇಸಿಗೆಯಲ್ಲಿ ತೆರಿಗೆ ಕಚೇರಿಯ ಜೀಪು ಬಂತು. ಹನುಮಕ್ಕ ಅಂಗನವಾಡಿಯಲ್ಲಿ ಸಹಾಯಕಿ. ಆ ಹೊತ್ತಿಗೆ ಮಕ್ಕಳಿಗೆ ಉಪ್ಪಿಟ್ಟು ಕೆದಕುತ್ತಿದ್ದಳು. ಅವಳ ಜಗಲಿಯ ಮೇಲೆ ಕೂತಿದ್ದವನು ನಾನು. ಅಟ್ಟದ ಮೇಲಿನ ಕಾಯಿ ಯಾರವು ಎಂದು ಕೇಳಿದರು. ಆ ಸಲ ನಮಗೆ ಎಲೆ ಇಟ್ಟು ಹೋಗಿದ್ದವರು ಮರುಳಪ್ಪನವರು, ಅವರವು ಎಂದೆ. ಎಲೆ ಹಿಡಿದ ಮನೆಯವನು ಬೇರೇನು ಹೇಳಬೇಕಿತ್ತು? ಅಷ್ಟಕ್ಕೆ ನಿಲ್ಲಿಸಬಹುದಿತ್ತು, ನಿಜ. ಆದರೆ ಬಾಗಿಲಲ್ಲಿ ಸರ್ಕಾರಿ ಜೀಪು ನಿಂತಿದೆ, ಬೀದಿಯೆಲ್ಲ ನೆರೆದಿದೆ, ಸಾಹೇಬರು ನನ್ನ ಮಾತನ್ನು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಾರೆ. ಈ ಅಟ್ಟ ಬರಿದಾದರೆ ಅರಸೀಕೆರೆ ಮಾರ್ಕೆಟ್ಟೇ ಬಾಗಿಲು ಹಾಕಬೇಕಾಗ್ತದೆ ಸ್ವಾಮಿ, ಎಂದುಬಿಟ್ಟೆ. ಅದನ್ನೂ ಬರೆದುಕೊಂಡರು. ನನ್ನ ಇಂಥ ಮಾತನ್ನು ಕಟ್ಟಿಕೊಂಡ ಹೆಂಡತಿ ಈವತ್ತಿನ ತನಕ ನಂಬಿಲ್ಲ. ಸರ್ಕಾರ ನಂಬಿತು. ಕಾಯಿಯನ್ನೆಲ್ಲ ಲಾರಿಗೆ ತುಂಬಿಕೊಂಡು ಹೊರಟೇಹೋದರು. ಆಮೇಲೆ ತಿಳಿಯಿತು: ಮರುಳಪ್ಪನವರು ನಮಗೊಂದು ಮಾತೂ ಹೇಳದೆ, ಹನುಮಕ್ಕನ ಮನೆಯನ್ನು ತಮ್ಮ ಸ್ವಂತ ಗೋಡೌನು ಎಂದು ತೆರಿಗೆಯ ಕಾಗದದಲ್ಲಿ ಮೊದಲೇ ಬರೆಸಿದ್ದರಂತೆ. ಹೆಸರಿಗೆ ಹನುಮಕ್ಕ, ಒಡೆತನ ವ್ಯಾಪಾರಿಯದು ಎಂದು ತೆರಿಗೆಯವರ ತೀರ್ಮಾನ. ನನ್ನ ಮಾತು ಅದಕ್ಕೆ ಸಾಕ್ಷಿ.

ಹರಾಜಿನ ನೋಟೀಸು ಬಾಗಿಲಿಗೆ ಅಂಟಿದ ದಿನ ಹನುಮಕ್ಕ ಅಳಲಿಲ್ಲ. ಅದನ್ನು ಓದಿಸಿಕೊಂಡು, ಸೆರಗಿನಿಂದ ಕೈ ಒರೆಸಿಕೊಂಡು, ಒಂದೇ ಮಾತು ಅಂದಳು: “ನಿನ್ ಬಾಯಿಗೊಂದು ಬೀಗ ಹಾಕ್ಕಂಡಿದ್ರೆ ನನ್ ಬಾಗ್ಲಿಗೆ ಬೀಗ ಬತ್ತಿರ್ಲಿಲ್ಲ ಕಣಣ್ಣ.” ಅವಳ ಗಂಡ ಸತ್ತಾಗ, ನಾನಿರುವ ತನಕ ನಿನ್ನನ್ನು ಯಾರೂ ಅಲ್ಲಾಡಿಸಲಾರರು ಎಂದು ಸಾವಿನ ಮನೆಯಲ್ಲಿ ಎಲ್ಲರೆದುರು ಹೇಳಿದವನು ನಾನು. ಈಗ ಅಲ್ಲಾಡಿಸುತ್ತಿರುವವನೂ ನಾನೇ ಆದೆನೇ?

ಅವಳನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿ ಇದ್ದಿರಿ. ಮರುವಾರ ಬಂದೆವು, ಆಗಲೂ ಇದ್ದಿರಿ. ಅದೇ ಮೀಟಿಂಗೋ ಬೇರೆಯದೋ ತಿಳಿಯಲಿಲ್ಲ. ನಿಮ್ಮ ಗುಮಾಸ್ತರು ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಗೋಡೌನ್ ಇಟ್ಟ ವ್ಯಾಪಾರಸ್ಥರಿಗೆ ಉಚಿತ ವಕೀಲರನ್ನು ಕೊಡೋಕಾಗಲ್ಲ ಎಂದರು.

“ಗೋಡೌನು ಅಂದ್ರೇನ್ ಸ್ವಾಮಿ?” ಎಂದಳು ಹನುಮಕ್ಕ.

“ವ್ಯಾಪಾರದ ಮಾಲು ತುಂಬಿಡೋ ಜಾಗ ಕಣಮ್ಮ.”

“ಅಂಗಾರೆ ನಮ್ಮೂರಲ್ಲಿ ಎಲ್ರುದ್ದೂ ಗೋಡೌನೇಯ. ಖಾಲಿ ಅಟ್ಟ ಇರೋದು ನಂದೊಂದೇ. ನಂದ್ಯಾಕೆ ಬರ್ಕಂಡ್ರಿ?”

ಗುಮಾಸ್ತರು ಅರ್ಜಿಯನ್ನು ನಮ್ಮ ಕಡೆಗೇ ತಳ್ಳಿದರು. ತೆರಿಗೆಯವರ ಬೋಜಾ ತೆಗೆಸಿಕೊಂಡು ಬನ್ನಿ, ಆಮೇಲೆ ಅರ್ಜಿ ತಗೊಳ್ತೀವಿ ಎಂದು ಕಳಿಸಿದರು.

ಈ ಜಾಣತನವನ್ನು ನೀವೇ ಕೂತು ಬಿಡಿಸಿ ನೋಡಿ. ವಕೀಲರು ಬೇಕಿರುವುದು ಬೋಜಾ ತೆಗೆಸಲು. ಬೋಜಾ ತೆಗೆಸಿದರೆ ವಕೀಲರನ್ನು ಕೊಡುತ್ತೀರಿ. ಅಷ್ಟು ಹೊತ್ತಿಗೆ ಹನುಮಕ್ಕ ಆ ವಕೀಲರನ್ನು ಕಟ್ಟಿಕೊಂಡು ಏನು ಮಾಡಬೇಕು, ಅಂಗನವಾಡಿಯಲ್ಲಿ ಕೂರಿಸಿ ಉಪ್ಪಿಟ್ಟು ಬಡಿಸಬೇಕೇ? ತೆರಿಗೆಯವರು ಬರೆದದ್ದನ್ನು ನೀವು ಹಾಗೇ ನಂಬುವುದಾದರೆ ಮಧ್ಯೆ ನಿಮ್ಮ ಸಮಿತಿ ಯಾತಕ್ಕೆ? ಹೆಣ್ಣುಮಗಳು ಎಂಬುದೊಂದೇ ಸಾಕೆಂದು ಮೈಕಿನಲ್ಲಿ ಹೇಳಿದಿರಿ. ಶಾಮಿಯಾನ ಬಿಚ್ಚಿದ ಮೇಲೆ ನಮ್ಮ ಹನುಮಕ್ಕ ಹೆಣ್ಣುಮಗಳಲ್ಲದೆ ಹೋದಳೇ?

ದುಡ್ಡು ಕೊಟ್ಟು ವಕೀಲರನ್ನು ಹಿಡಿಯಲು ನಾವು ನೋಡಲಿಲ್ಲವೆಂದಲ್ಲ. ಹನುಮಕ್ಕನಿಗೆ ಬರುವ ಅಂಗನವಾಡಿಯ ಗೌರವಧನ ಎಷ್ಟೆಂದು ಕೇಳಿದ ಕೂಡಲೇ ಕೆಲವರು ಗಡಿಯಾರ ನೋಡಿಕೊಂಡರು. ಲಕ್ಷ್ಮೀಶ ಎನ್ನುವ ಚಿಕ್ಕ ವಯಸ್ಸಿನ ವಕೀಲರೊಬ್ಬರು ಮಾತ್ರ ಕಾಗದಗಳನ್ನು ಪೂರ್ತಿ ಓದಿದರು. ಮನೆ ಅತ್ತೆಯ ಕಾಲದಿಂದ ಇವಳಿಗೆ ಬಂದದ್ದು, ಕಂದಾಯ ಕಟ್ಟಿದ ರಸೀದಿಗಳಿವೆ, ತಕರಾರು ಅರ್ಜಿ ಹಾಕಿದರೆ ಹರಾಜು ನಿಲ್ಲುತ್ತದೆ ಎಂದರು. ಅವರೂ ಬಾಡಿಗೆ ಕೋಣೆಯಲ್ಲಿರುವವರು, ಎಲ್ಲರ ಕೇಸನ್ನೂ ಕೈಯಿಂದ ಹಾಕಿಕೊಂಡು ನಡೆಸಲಾರರು. “ಸಮಿತಿಯಿಂದ ನನ್ನ ಹೆಸರಿಗೊಂದು ನೇಮಕದ ಚೀಟಿ ತನ್ನಿ ಯಜಮಾನರೇ, ಬುಧವಾರ ಸಾಯಂಕಾಲದೊಳಗೆ ಸಿಕ್ಕಿದರೂ ಸಾಕು,” ಎಂದರು. ಆ ಚೀಟಿಗಾಗಿ ನಾನು ನಿಮ್ಮ ಕಚೇರಿಯ ಬೆಂಚು ಸವೆಸುತ್ತಿದ್ದೇನೆ.

ಇನ್ನೊಂದು ಮಾತು, ಇದನ್ನು ಹೇಳದೆ ವಿಧಿಯಿಲ್ಲ. ಮೊನ್ನೆ ಬರಿಗೈಯಲ್ಲಿ ಬಸ್ಸಿಳಿದಾಗ ಹನುಮಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿ ನಿಜ ಹೇಳಲಾಗಲಿಲ್ಲ. ಕಾರ್ಯದರ್ಶಿಗಳು ನನ್ನನ್ನು ಕಂಡ ಕೂಡಲೇ ಎದ್ದು ಬಂದರು, ಕೈ ಹಿಡಿದು ಕೂರಿಸಿದರು, ಚೀಟಿಗೆ ರುಜು ಹಾಕುವುದೊಂದೇ ಬಾಕಿ ಎಂದುಬಿಟ್ಟೆ. ನನ್ನ ಮಾತಿಗೆಲ್ಲ ಮೂಗು ಮುರಿಯುವವಳು ಈ ಒಂದನ್ನು ನಂಬಿದಳು. ಮಾರನೇ ದಿನ ಹಿತ್ತಲಲ್ಲಿ ಕಾಯಿ ಕೆಡವಿಸಿ, ಏಣಿ ಹಾಕಿ ನನ್ನನ್ನೇ ಮೇಲೆ ಹತ್ತಿಸಿದಳು. ಅವಳು ಕೆಳಗಿಂದ ಒಂದೊಂದೇ ಎತ್ತಿ ಕೊಟ್ಟಳು, ನಾನು ಜೋಡಿಸಿದೆ. ಮುಂದಿನ ವರ್ಷ ಇಳಿಸಬೇಕಾದ ಕಾಯಿ. ಗುರುವಾರ ಕೈಬಿಡುವ ಮನೆಯಲ್ಲಿ ಯಾರಾದರೂ ಅಟ್ಟ ತುಂಬಿಸುತ್ತಾರೆಯೇ?

ಆದ್ದರಿಂದ ನಾನು ಕೇಳುವುದು ಹೆಚ್ಚೇನಿಲ್ಲ. ಬುಧವಾರ ಸಾಯಂಕಾಲದೊಳಗೆ ವಕೀಲ ಲಕ್ಷ್ಮೀಶರ ಹೆಸರಿಗೆ ನೇಮಕದ ಚೀಟಿ ಬರೆದು ರುಜು ಹಾಕಿ. ನನ್ನನ್ನು ಕಂಡು ನೀವು ಎದ್ದು ಬರಬೇಕಿಲ್ಲ, ಕೈ ಹಿಡಿಯಬೇಕಿಲ್ಲ, ಅವನ್ನು ನಾನು ಆಗಲೇ ಹೇಳಿ ಮುಗಿಸಿದ್ದೇನೆ. ರುಜು ಒಂದನ್ನು ಮಾತ್ರ ನಿಜ ಮಾಡಿ. ಅನುಮಾನವಿದ್ದರೆ ಖುದ್ದು ಬಂದು ಅಟ್ಟ ಹತ್ತಿ ನೋಡಿ. ಕಾಯಿ ಯಾರವು ಎಂದು ಕೇಳಿ. ಹನುಮಕ್ಕನವು ಎನ್ನುತ್ತೇನೆ, ಅದರ ಮೇಲೆ ಒಂದು ಮಾತೂ ಆಡುವುದಿಲ್ಲ.

ಇಂತಿ,
ಏಣಿ ಇನ್ನೂ ತೆಗೆಯದೆ ಕಾದಿರುವ,
ಹನುಮಕ್ಕನ ಅಣ್ಣ ಜವರಪ್ಪ
ಹಳೇಬೀಡು ಹೋಬಳಿ, ೨೦೦೧