ರತ್ನಮ್ಮನ ಅಳತೆಯ ಹಿಡಿ

ಪ್ರೀತಿಯ ಅತ್ತೆ,

ನೀವು ಹೋದ ಮೇಲೂ ವಿಭೂತಿ ಹಚ್ಚಿಕೊಂಡೇ ನಗರ್ತಪೇಟೆಯ ನಮ್ಮ ಅಂಗಡಿ ಬಾಗಿಲು ತೆಗೆಯುತ್ತಿದ್ದೇನೆ. ಕುಡುಗೋಲು, ಗುದ್ದಲಿ, ಭತ್ತದ ಗದ್ದೆಯಲ್ಲಿ ತಳ್ಳುವ ಕಳೆಯಂತ್ರ ಎಲ್ಲ ಅವುಗಳ ಜಾಗದಲ್ಲೇ ಇವೆ. ಯಂತ್ರ ತಳ್ಳಿ ನೋಡಲೆಂದು ಹಿತ್ತಿಲಲ್ಲಿ ನೀವು ಮಾಡಿಸಿದ ಕೆಸರು ತೊಟ್ಟಿಯನ್ನೂ ಒಣಗಲು ಬಿಟ್ಟಿಲ್ಲ. ಪೇಟೆಯಲ್ಲಿ ಗದ್ದೆ ಮಾಡಿದ್ದಾಳೆ ಎಂದು ಎದುರಂಗಡಿಯವರು ನಕ್ಕಿದ್ದು ನೆನಪಿದೆಯಾ? ಈಗ ಅವರೇ, "ತೊಟ್ಟಿಗೆ ನೀರು ಬಿಟ್ರೇನಮ್ಮಾ?" ಎಂದು ಕೇಳುತ್ತಾರೆ.

ಮದ್ದೂರು ಕಡೆಯ ಶಿವಣ್ಣ ಕೊಂಡುಹೋದ ಯಂತ್ರವನ್ನು ಅವನ ಹೆಂಡತಿ ರತ್ನಮ್ಮ ವಾಪಸು ಹೊತ್ತು ತಂದ ದಿನ ಪದೇ ಪದೇ ಕಣ್ಣೆದುರು ಬರುತ್ತದೆ. ತಳ್ಳಿ ತಳ್ಳಿ ಅವಳ ರಟ್ಟೆ ಬಿದ್ದುಹೋಗಿತ್ತು.

"ಬಗ್ಗಿ ಕೀಳೋದೇ ವಾಸಿ ಅಮ್ಮ. ಇದು ಆಗ್ಲಿಲ್ಲ ಅಂದ್ರೆ ನಮ್ಮೆಜಮಾನ್ರು ಮತ್ತೆ ಕಳೆ ಔಷಧಿ ಹೊಡೀತಾರೆ. ಹೋದ್ಸಲ ಹೊಡೀವಾಗ ತಲೆ ತಿರುಗಿ ಬದು ಮೇಲೇ ಬಿದ್ದಿದ್ರು..."

ಬೇರೆಯವರಾಗಿದ್ದರೆ ಮಾರಿದ ಮಾಲು ವಾಪಸಿಲ್ಲ ಎನ್ನುತ್ತಿದ್ದರು. ನೀವು ಅವಳಿಗೆ ಕಾಫಿ ಕೊಟ್ಟು, ಸೀರೆ ಎತ್ತಿಕಟ್ಟಿಸಿ ತೊಟ್ಟಿಗಿಳಿಸಿದಿರಿ. ಹಿಡಿ ಅವಳ ಎದೆಮಟ್ಟಕ್ಕೆ ಬರುತ್ತಿತ್ತು!

"ಅಯ್ಯೋ ಶಿವನೇ! ಕೊಳ್ಳೋಕೆ ಬಂದ ಗಂಡಸಿನ ಎತ್ತರಕ್ಕೆ ಹಿಡಿ ಕೂರಿಸಿದೀನಲ್ಲ. ತಳ್ಳೋಳು ನೀನಲ್ವೇನೇ?"

ತಮ್ಮ ತಪ್ಪನ್ನು ಬೀದಿಗೆಲ್ಲ ಕೇಳುವ ಹಾಗೆ ಒಪ್ಪಿಕೊಳ್ಳುವ ವ್ಯಾಪಾರಸ್ಥರನ್ನು ನಾನು ಬೇರೆಲ್ಲೂ ಕಂಡಿಲ್ಲ ಅತ್ತೆ. ಅಂದೇ ಹಿಡಿ ಕತ್ತರಿಸಿ ಅವಳ ಸೊಂಟದ ಮಟ್ಟಕ್ಕೆ ಕೂರಿಸಿಕೊಟ್ಟಿರಿ.

ಆಮೇಲೆ ನೀವು ಹಿಡಿದ ಹಟ! "ತಳ್ಳೋರನ್ನ ಕರ್ಕೊಂಡ್ ಬನ್ನಿ, ಆಮೇಲೆ ಮಾರ್ತೀನಿ." ಗಿರಾಕಿಗಳು ಗೊಣಗಿದರು, ಕೆಲವರು ಪಕ್ಕದ ಅಂಗಡಿಗೆ ಹೋದರು. ನೀವು ಜಗ್ಗಲಿಲ್ಲ. ಸಾಲಾಗಿ ನಾಟಿ ಮಾಡಿ, ಕಳೆ ಎಳೆಯದಾಗಿರುವಾಗಲೇ ತಳ್ಳಿ, ಗದ್ದೆಯಲ್ಲಿ ತೆಳ್ಳಗೆ ನೀರಿರಲಿ, ಕೆಸರಲ್ಲಿ ಹೂತ ಕಳೆ ಅಲ್ಲೇ ಕೊಳೆತು ಗೊಬ್ಬರವಾಗುತ್ತೆ ಎಂದು ಪ್ರತಿಯೊಬ್ಬರಿಗೂ ಹೇಳಿಯೇ ಕಳಿಸುತ್ತಿದ್ದಿರಿ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನನ್ನನ್ನು ಕೇಳಿದ್ದು ಅದನ್ನೇ. "ರತ್ನಮ್ಮನ ಗದ್ದೆ ಏನಾಯ್ತೇ?" ನನಗೆ ಗೊತ್ತಿರಲಿಲ್ಲ.

ಹೋದ ವಾರ ರತ್ನಮ್ಮ ಬಂದಿದ್ದಳು. ನೀವಿಲ್ಲ ಎಂದಾಗ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಕಣ್ಣೊರೆಸಿಕೊಂಡು ಹೇಳಿದಳು: "ಈ ಸಲ ಔಷಧಿ ಡಬ್ಬ ಮನೇಗೇ ಬರ್ಲಿಲ್ಲ ಕಣಕ್ಕ. ಪೈರಿನ ಬುಡದಲ್ಲಿ ಉಳಿದಿದ್ದನ್ನ ಮಾತ್ರ ಕೈಲಿ ಕಿತ್ವಿ. ಅರ್ಧ ಗದ್ದೆ ಇವ್ರೇ ತಳ್ಳಿದ್ರು, ನನ್ನ ಹಿಡೀಲಿ, ಬಗ್ಗಿ ಬಗ್ಗಿ!"

ಅವಳ ಹಿಂದೆ ಶಿವಣ್ಣ ಸೊಂಟ ಹಿಡಿದುಕೊಂಡು ನಿಂತಿದ್ದ. ರತ್ನಮ್ಮ ಅವನತ್ತ ಕೈ ತೋರಿಸಿದಳು.

"ತಳ್ಳೋರನ್ನ ಕರ್ಕೊಂಡ್ ಬನ್ನಿ ಅಂತ ಅಮ್ಮ ಹೇಳ್ತಿದ್ರಲ್ಲ ಅಕ್ಕ. ಕರ್ಕೊಂಡ್ ಬಂದಿದೀನಿ. ಇವ್ರಿಗೂ ಒಂದು ಯಂತ್ರ ಕೊಡಿ."

ಪಂಚೆ ಎತ್ತಿಕಟ್ಟಿಸಿ ಅವನನ್ನು ತೊಟ್ಟಿಗಿಳಿಸಿದೆ. ಅತ್ತೆ, ಈ ಸಲ ಗಂಡಸಿನ ಎತ್ತರಕ್ಕೇ ಹಿಡಿ ಕೂರಿಸಿದ್ದೇನೆ. ತಪ್ಪಾಗಿಲ್ಲ.