ಕಾರ್ಡ್ ಕಾಯುವಷ್ಟು ಹೊತ್ತು

ನನ್ನ ಗಡಿಬಿಡಿಯೇ,

ಇವತ್ತು ನಿನ್ನ ಕಂಪ್ಯೂಟರ್ ಆರಿಸಿದೆವು. ನಿನಗೆ ಹೇಳದೆ ಹೇಗಿರಲಿ?

ಆಸ್ಪತ್ರೆಗೆ ಹೊರಟಾಗ ಚಪ್ಪಲಿ ಮೆಟ್ಟುತ್ತಾ ಹೇಳಿದ್ದೆಯಲ್ಲ, "ಕಂಪ್ಯೂಟರಲ್ಲಿ ಪರೀಕ್ಷೆ ನಡೀತಿದೆ ಅಕ್ಕಾ. ನನ್ನ ತಿದ್ದುಪಡಿನ ಮೇಲಿನವರು ಒಪ್ಪೋವರೆಗೂ ಯಾರೂ ಆರಿಸಬೇಡಿ." ನೀನು ಮರಳಲಿಲ್ಲ. ಅದು ಓಡುತ್ತಲೇ ಇತ್ತು. ಅಮ್ಮ ಗುಡಿಸುವಾಗಲೂ ಅದರ ತಂತಿಗೆ ಪೊರಕೆ ತಾಗದಂತೆ ಸುತ್ತಿ ಹೋಗುತ್ತಿದ್ದಳು. ಅದರ ಫ್ಯಾನಿನ ಗುಂಯ್ ಸದ್ದು ಕೇಳಲಿ ಎಂದು ಕೋಣೆಯ ಬಾಗಿಲು ಮುಚ್ಚಗೊಡುತ್ತಿರಲಿಲ್ಲ.

ನನಗೆ ಅರ್ಥವಾದದ್ದು ಇಷ್ಟೇ. ಕಂಪ್ಯೂಟರ್ ಹೊರಗೆ ಕಳಿಸುವ ಮಾಹಿತಿಯ ಪ್ಯಾಕೆಟ್ಟಿನ ಮೇಲೆ ಹೊತ್ತು ಬರೆದು ನೆಟ್‌ವರ್ಕ್ ಕಾರ್ಡಿಗೆ ಕೊಟ್ಟರೆ, ಅದು ಆ ಹೊತ್ತಿಗೆ ಕಳಿಸಬೇಕು. ಆದರೆ ಅದರ ಗಡಿಯಾರಕ್ಕೆ ಸ್ವಲ್ಪ ಮುಂದಿನದು ಮಾತ್ರ ಕಾಣುತ್ತದೆ. ಅದಕ್ಕೂ ದೂರದ ಹೊತ್ತು ಬರೆದರೆ, ಆಗಲೇ ತಡವಾಯಿತೆಂದು ಗಾಬರಿಬಿದ್ದು ತಕ್ಷಣ ಕಳಿಸಿಬಿಡುತ್ತದೆ.

"ಥೇಟ್ ನಿನ್ನ ಹಾಗೇ ಕಣೋ, ನಾಳೆ ಬಾ ಅಂದ್ರೆ ಇವತ್ತೇ ಬಾಗಿಲು ಬಡಿಯುತ್ತೆ" ಎಂದಿದ್ದೆ.

"ಅದಕ್ಕೇ ಅದರ ಕಷ್ಟ ನಂಗೆ ಗೊತ್ತಾಗೋದು" ಎಂದು ನಕ್ಕಿದ್ದೆ ನೀನು.

ನೀನು ಆ ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಮಿನಲ್ಲಿ ಒಂದು ಮಿತಿ ಹಾಕಿದೆ. ಮಿತಿಗಿಂತ ದೂರದ್ದನ್ನು ಕಾರ್ಡಿಗೆ ಕೊಡದೆ, ಹೊತ್ತು ಹತ್ತಿರ ಬರುವವರೆಗೆ ಕಂಪ್ಯೂಟರೇ ಹಿಡಿದಿಟ್ಟುಕೊಳ್ಳಲಿ ಎಂದು. ಆ ತಿದ್ದುಪಡಿಯೊಂದು ಎಲ್ಲರ ಡ್ರೈವರಿಗೂ ಸೇರಿಬಿಟ್ಟರೆ ನಿನ್ನದೇನೋ ಲೋಕದಲ್ಲಿ ಉಳಿಯುತ್ತದೆ ಎಂದು ಅಮ್ಮನೂ ನಾನೂ ನಂಬಿದ್ದೆವು.

ಇವತ್ತು ಆಫೀಸಿನ ನಿನ್ನ ಪಕ್ಕದ ಮೇಜಿನವನು ಬಂದಿದ್ದ. ಚಹಾ ಲೋಟ ಕೆಳಗಿಟ್ಟು ಹೇಳಿದ.

"ಕಂಪನಿ ಆ ಕಾರ್ಡ್ ಮಾಡೋದನ್ನೇ ನಿಲ್ಲಿಸಿದೆ ಅಕ್ಕಾ. ಇನ್ನು ಅದಕ್ಕೆ ಯಾವ ತಿದ್ದುಪಡಿನೂ ಸೇರಿಸಲ್ವಂತೆ."

"ಅವನು ಬರೆದಿದ್ರಲ್ಲಿ ತಪ್ಪಿತ್ತಾ?"

"ಒಂದೂ ಇರ್ಲಿಲ್ಲ. ಇದ್ದಿದ್ರೆ ತಿದ್ದಿ ಮತ್ತೆ ಕಳಿಸ್ತಿದ್ದೆ."

ಈಗಾಗಲೇ ಮಾರಿದ ಕಾರ್ಡುಗಳ ಗತಿ ಕೇಳಿದೆ. ಕೆಟ್ಟು ಮೂಲೆ ಸೇರುವವರೆಗೂ ಹಾಗೇ ಗಾಬರಿಬೀಳುತ್ತಿರುತ್ತವಂತೆ.

ಆಮೇಲೆ ಅವನು ನಿನ್ನ ಕೋಣೆಯತ್ತ ನೋಡಿ, "ಆರಿಸಲಾ?" ಎಂದ. ತಲೆಯಾಡಿಸಿದೆ. ಸದ್ದು ನಿಂತಿತು.

ಅಡುಗೆಮನೆಯ ನಲ್ಲಿಯನ್ನು ತೆರೆದೇ ಬಿಟ್ಟು ಅಮ್ಮ ಓಡಿ ಬಂದಳು. ಕೈತುಂಬ ಪಾತ್ರೆಯ ನೊರೆ. ನೀನು ಹೋದ ಮೇಲೆ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇಲ್ಲ.

"ಒಪ್ಪಿದ್ರಾ?" ಎಂದಳು.

ಇಲ್ಲ ಎಂದೆ. ಅಮ್ಮ ಒಳಗೆ ಹೋಗಿ ನಲ್ಲಿ ನಿಲ್ಲಿಸಿದಳು.

ತಣ್ಣಗಿರು, ಮರಿ. ಇನ್ನು ಯಾರ ಒಪ್ಪಿಗೆಗೂ ಕಾಯಬೇಡ.

ನಿನ್ನ ಅಕ್ಕ