ಅಲ್ತಾರಿನ ಕೆಳಗಿನ ನೋಟುಪುಸ್ತಕ

ಕಾರ್ಕಳ
ಆದಿತ್ಯವಾರ, 4 ಮೇ 1969

ಪ್ರೀತಿಯ ಮಗಳು ಜೆಸ್ಸಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಮಾತ್ರ ನನಗೆ ನಂಬಿಕೆ ಸಾಲದು. ರಜೆಗೆಂದು ನೀನು ಮಣಿಪಾಲಕ್ಕೆ ಹೋಗಿ ಮೂರು ವಾರವಾಯಿತು. ಬಂದ ಎರಡೂ ಕಾಗದಗಳಲ್ಲಿ ‘ಚೆನ್ನಾಗಿದ್ದೇನೆ’ ಬಿಟ್ಟರೆ ಬೇರೆ ಮಾತಿಲ್ಲ. ಗ್ಲ್ಯಾಡಿಸ್ ಮಾವ್ಶಿ ಪಕ್ಕದಲ್ಲಿ ಕೂತು ಬರೆಸುತ್ತಾಳೋ ಏನೋ. ನನ್ನ ತಂಗಿಯ ಬುದ್ಧಿ ನನಗೆ ಗೊತ್ತುಂಟು. ನರ್ಸ್ ಆದ ಮೇಲೆ ಡಾಕ್ಟರು ಹೇಳಿದ್ದೆಲ್ಲ ಅವಳಿಗೆ ವೇದವಾಕ್ಯ.

ಶಾಲೆಯವರ ಜೊತೆ ಗೊಮ್ಮಟಬೆಟ್ಟ ಹತ್ತಲಾಗದೆ ಅರ್ಧದಲ್ಲೇ ಕೂತೆ, ಮೈ ಇಳಿಸಬೇಕು ಎಂದು ಹಟ ಹಿಡಿದು ಮಣಿಪಾಲದ ಆ ಡಾಕ್ಟರ ಬಳಿ ಹೋದವಳು ನೀನು. ಮಾರ್ಚಿನಿಂದ ಪ್ರತಿ ಶನಿವಾರ ಬಸ್ಸಿನಲ್ಲಿ ಕಳುಹಿಸಿದೆ. ಮದ್ದಿಲ್ಲ, ಇಂಜೆಕ್ಷನ್ ಇಲ್ಲ. ನಿನ್ನಂಥ ಏಳೆಂಟು ಹುಡುಗಿಯರನ್ನು ಕೂರಿಸಿ, ತಿಂದದ್ದನ್ನೆಲ್ಲ ಬರೆಯಿರಿ ಎನ್ನುತ್ತಾರಂತೆ. ಎಷ್ಟು ಗಂಟೆಗೆ, ಎಲ್ಲಿ ಕೂತು, ಹಸಿವಿತ್ತೋ ಇಲ್ಲವೋ, ಮನಸ್ಸಿನಲ್ಲಿ ಏನಿತ್ತು. ತುತ್ತು ತುತ್ತಿಗೂ ತಟ್ಟೆಯಿಂದ ಕೈ ತೆಗೆಯಬೇಕಂತೆ. ವಾರವಿಡೀ ಹೇಳಿದ ಹಾಗೆ ನಡೆದುಕೊಂಡರೆ ಬಾಡ್ಮಿಂಟನ್ ಆಟ ಬಹುಮಾನವಂತೆ. ಇದು ಎಂತ ಚಿಕಿತ್ಸೆ? ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲು ನಮಗೆ ಪಾದ್ರಿಗಳಿಲ್ಲವೇ?

ನೀನು ಬರೆಯುತ್ತಿದ್ದ ನೋಟುಪುಸ್ತಕ ಮನೆಯಲ್ಲಿ ದೇವರ ಅಲ್ತಾರಿನ ಕೆಳಗೆ ಸಿಕ್ಕಿತು. ನಾನು ತೆರೆದಿಲ್ಲ. ನಿನ್ನೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಗರ್ಜಿಗೆ, ವಿಗಾರ ಪಾದ್ರಿಗಳ ಬಳಿ ಹೋದೆ. ಪಾಪನಿವೇದನೆಯನ್ನು ಡಾಕ್ಟರಿಗೆ ಬರೆದುಕೊಡುವುದು ಸರಿಯೋ, ನೀವೇ ಓದಿ ಹೇಳಿ ಎಂದೆ. ಅವರು ಪುಸ್ತಕ ಮುಟ್ಟಲಿಲ್ಲ. ಊಟ ಮಾಡುವುದು ಪಾಪವಲ್ಲ ಪ್ರೆಸಿಲ್ಲಾ ಬಾಯಿ, ಅದರಲ್ಲಿ ಎಂತ ಉಂಟೆಂದು ನಿಮಗಿಷ್ಟು ಹೆದರಿಕೆ ಎಂದು ಕೇಳಿ ನಕ್ಕರು. ನನಗೆ ಸಿಟ್ಟು ಬಂತು.

ಬುಧವಾರ ಪಪ್ಪ ಬಂದು ನಿನ್ನನ್ನು ಕರೆದುಕೊಂಡು ಬರುತ್ತಾರೆ ಎಂದು ಬರೆಯಲೆಂದೇ ಈ ಕಾಗದಕ್ಕೆ ಕೂತೆ. ನಿನ್ನ ಅಣ್ಣ ಲಿಯೋನೆಲನಿಗೆ ಟೈಫಾಯಿಡ್ ಬಂದಾಗಲೂ ಒಬ್ಬ ಡಾಕ್ಟರು ಏನೂ ತಿನ್ನಲು ಕೊಡಬೇಡಿ ಎಂದಿದ್ದರು. ಆರು ವರ್ಷದ ಹುಡುಗ, ಹನ್ನೊಂದು ದಿನ ನೆವ್ರಿ ಬೇಕು ಎಂದು ಕೇಳಿದ. ಕಾಯಿ ಬೆಲ್ಲ ತುಂಬಿ ಕರಿದದ್ದು ಡಬ್ಬಿಯಲ್ಲೇ ಇತ್ತು. ನಾನು ಡಾಕ್ಟರ ಮಾತು ಮೀರಲಿಲ್ಲ. ಹನ್ನೆರಡನೆಯ ದಿನ ಅವನು ಕೇಳಲಿಲ್ಲ.

ಸಂಜೆ ರೋಸರಿ ಮುಗಿದು ನೀನು ಆಶೀರ್ವಾದಕ್ಕೆ ತಲೆಬಾಗಿ ಬೆಸಾಂವ್ ಕೇಳುವಾಗ ನಾನು ಒಂದು ಕೈ ನಿನ್ನ ತಲೆಯ ಮೇಲಿಟ್ಟು ಇನ್ನೊಂದು ಕೈಯಿಂದ ನೆವ್ರಿ ಕೊಡುವುದು ಯಾಕೆಂದು ಡಾಕ್ಟರಿಗೆ ಬರೆದೆಯಾ? ಇಲ್ಲ. ನೀನು ಬರೆದದ್ದು ಇಷ್ಟೇ: ‘ಏಳೂವರೆ. ಅಲ್ತಾರಿನ ಮುಂದೆ. ಎರಡು ನೆವ್ರಿ. ಹಸಿವಿರಲಿಲ್ಲ. ಬೇಡವೆಂದರೆ ಅಮ್ಮ ಅಳುತ್ತಾರೆ. ಒಂದು ನನ್ನದು, ಒಂದು ಲಿಯೋನೆಲನದು.’

ಹೌದು, ಓದಿದೆ. ಇಗರ್ಜಿಯಿಂದ ಬರುವಾಗ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು ಪೂರ್ತಿ ಓದಿದೆ. ನನ್ನ ಮೇಲೆ ಚಾಡಿ ಹೇಳಿರುತ್ತೀ ಎಂದು ಪುಟಪುಟವೂ ಹುಡುಕಿದೆ. ಒಂದು ಕೆಟ್ಟ ಮಾತೂ ಸಿಗಲಿಲ್ಲ. ದಿನವೂ ಅದೇ ಏಳೂವರೆ, ಅದೇ ಸಾಲು. ನಿನ್ನ ಪುಸ್ತಕ ಕದ್ದು ಓದಿದ್ದು ತಪ್ಪು. ಸುಳ್ಳು ಹೇಳಿದ್ದೂ ತಪ್ಪು.

ನೀನು ಅದನ್ನು ಮರೆತು ಬಿಟ್ಟೆಯೋ, ನಾನು ನೋಡಲೆಂದೇ ಅಲ್ಲಿಟ್ಟೆಯೋ, ಆ ಅನುಮಾನ ಮಾತ್ರ ಹೋಗಿಲ್ಲ. ಅದನ್ನು ನೀನೇ ಹೇಳಬೇಕು.

ಪಪ್ಪ ಬುಧವಾರ ಬರುತ್ತಾರೆ. ಪುಸ್ತಕ ಕೊಟ್ಟು ಒಬ್ಬರೇ ಹಿಂದೆ ಬರುತ್ತಾರೆ. ಡಾಕ್ಟರ ಮೇಲೆ ನನಗೆ ಈಗಲೂ ವಿಶ್ವಾಸ ಕಡಿಮೆ, ನಿನ್ನ ಮೇಲೆ ಉಂಟು. ರಜೆ ಮುಗಿಸಿಯೇ ಬಾ. ಇನ್ನು ಬೆಸಾಂವ್ ಎರಡೂ ಕೈಯಿಂದ ಕೊಡುತ್ತೇನೆ.

ನಿನ್ನದೇ ಯೋಚನೆಯಲ್ಲಿರುವ
ಅಮ್ಮ
ಪ್ರೆಸಿಲ್ಲಾ

ಇನ್ನೊಂದು ಮಾತು: ಪುಸ್ತಕದ ಕೊನೆಯಲ್ಲಿ ನನ್ನ ಅಕ್ಷರ ಕಂಡರೆ ಸಿಟ್ಟಾಗಬೇಡ. ‘ಶನಿವಾರ, ಏಳೂವರೆ. ಅಲ್ತಾರಿನ ಮುಂದೆ. ಎರಡು ನೆವ್ರಿ, ನಾನೇ ತಿಂದೆ. ಹಸಿವಿರಲಿಲ್ಲ. ಕೊಡಲು ಮಕ್ಕಳಿರಲಿಲ್ಲ.’ ಡಾಕ್ಟರಿಗೆ ತೋರಿಸು.